ಗೆರೆ ಒಂದೇ, ಬಿಲ್ಲು ಬೇರೆ

ಮರುದಿನ ಹನ್ನೊಂದು ಗಂಟೆಗೆ ನಕ್ಷೆ ಕೊಡಬೇಕಿತ್ತು. ಹಿಂದಿನ ಸಂಜೆ ಏಳಕ್ಕೆ ಕಚೇರಿಯ ಕಂಪ್ಯೂಟರಿನಿಂದ 'ಟಪ್' ಎಂದು ಸದ್ದು ಬಂತು, ಹಿಂದೆಯೇ ಸುಟ್ಟ ವಾಸನೆ. ಕಂಪ್ಯೂಟರಿಗೆ ವಿದ್ಯುತ್ ಒದಗಿಸುವ ಎಸ್‌ಎಂಪಿಎಸ್ ಹೋಗಿತ್ತು. ದಾವಣಗೆರೆಯಲ್ಲಿ ಭಾನುವಾರ ಸಂಜೆ ಏಳಕ್ಕೆ ಎಸ್‌ಎಂಪಿಎಸ್ ಎಲ್ಲಿ ಸಿಗಬೇಕು? ದಿನವೂ ಸಂಜೆ ಪೆನ್‌ಡ್ರೈವಿಗೆ ಇಳಿಸುವ ಅಭ್ಯಾಸ ಇದ್ದುದರಿಂದ ನಕ್ಷೆ ಉಳಿದಿತ್ತು. ಅದನ್ನು ತೆರೆಯಲು ಯಂತ್ರ ಇರಲಿಲ್ಲ.

ಯಂತ್ರ ಇರಲಿಲ್ಲ ಎಂದರೆ ಪೂರ್ತಿ ನಿಜವಲ್ಲ. ಹುಬ್ಬಳ್ಳಿಯಲ್ಲಿ ಬಿ.ಆರ್ಕ್. ಓದುತ್ತಿರುವ ನನ್ನ ತಂಗಿಯ ಮಗಳು ರಜೆಗೆ ಬಂದಿದ್ದಳು. ಅವಳ ಲ್ಯಾಪ್‌ಟಾಪಿನಲ್ಲಿ ನಕ್ಷೆ ಬರೆಯುವ ಸಾಫ್ಟ್‌ವೇರ್ ಆಟೋಕ್ಯಾಡ್ ಇತ್ತು. ನನ್ನ ಹತ್ತಿರ ಇರುವುದು ಆಟೋಕ್ಯಾಡ್ ಎಲ್‌ಟಿ, ಅದರ ಕಿರಿಯ ತಮ್ಮ. ಅವಳದು ಪೂರ್ಣ ಪ್ರಮಾಣದ ಹೊಸ ಆವೃತ್ತಿ. ನಾನು ವರ್ಷ ವರ್ಷವೂ ಐದಂಕಿಯ ಹಣ ಕಟ್ಟುತ್ತೇನೆ. ಅವಳದು ವಿದ್ಯಾರ್ಥಿಗಳಿಗೆ ಪುಕ್ಕಟೆ ಕೊಡುವುದು, ಅವಳು ಕಟ್ಟಿದ್ದು ಸೊನ್ನೆ.

"ಇದರಲ್ಲೇ ಮುಗಿಸಿಬಿಡು ದೊಡ್ಡಮ್ಮ, ಯಾರಿಗೆ ಗೊತ್ತಾಗುತ್ತದೆ?" ಎಂದಳು.

ಅವಳ ಪ್ರಶ್ನೆಗೆ ಆ ರಾತ್ರಿ ನಾನು ಕೊಟ್ಟ ಉತ್ತರ ಅರ್ಥವಾಗಬೇಕಾದರೆ ಹಣ ಕೊಟ್ಟು ಕೊಂಡದ್ದು, ವಿದ್ಯಾರ್ಥಿಗೆ ಕೊಟ್ಟದ್ದು ಎಂಬ ಈ ಎರಡು ಬಗೆಯ ಸಾಫ್ಟ್‌ವೇರುಗಳಲ್ಲಿ ನಿಜವಾಗಿ ಇರುವ ವ್ಯತ್ಯಾಸ ಯಾವುದೆಂದು ತಿಳಿಯಬೇಕು. ನಾನು ಡಿಪ್ಲೊಮಾ ಸಿವಿಲ್ ಮುಗಿಸಿದವಳು. ಮನೆಯ ಮುಂದಿನ ಕೋಣೆಯಲ್ಲಿ ಇಪ್ಪತ್ತೈದು ವರ್ಷಗಳಿಂದ ಊರವರ ಮನೆಗಳ ನಕ್ಷೆ ಬರೆಯುತ್ತಿದ್ದೇನೆ. ಮೂವತ್ತು ನಲವತ್ತರ ಸೈಟಿನಲ್ಲಿ ಎರಡು ಕಾರು, ಈಶಾನ್ಯಕ್ಕೆ ದೇವರ ಕೋಣೆ, ಆಗ್ನೇಯಕ್ಕೆ ಅಡುಗೆಮನೆ, ಮೇಲೆ ಬಾಡಿಗೆಗೆ ಒಂದು ಮನೆ, ಇಷ್ಟನ್ನೂ ಕೇಳುವವರಿಗೆ ಒಂದು ಕಾರಾದರೂ ನಿಲ್ಲುವಂತೆ ಮಾಡಿ ಕೊಡುವುದು ನನ್ನ ಕಸುಬು. ಕೊಂಡದ್ದು, ಕೊಳ್ಳದೆ ಬಳಸಿದ್ದು, ವಿದ್ಯಾರ್ಥಿಗಳ ಹೆಸರಿನಲ್ಲಿ ಬಂದದ್ದು, ಎಲ್ಲ ಬಗೆಯ ಸಾಫ್ಟ್‌ವೇರೂ ಈ ಕೋಣೆಯಲ್ಲಿ ಹಾದುಹೋಗಿದೆ.

ಮೊದಲು ನೋಟ. ಆ ರಜೆಯಲ್ಲೇ ಒಂದು ಮಧ್ಯಾಹ್ನ ನಾವಿಬ್ಬರೂ ಅಕ್ಕಪಕ್ಕ ಕುಳಿತು ನಮ್ಮದೇ ಮನೆಯ ಹಳೆಯ ನಕ್ಷೆಯನ್ನು ಎರಡರಲ್ಲೂ ತೆರೆದು ನೋಡಿದೆವು. ಗೆರೆಯಲ್ಲಿ ವ್ಯತ್ಯಾಸ ಇಲ್ಲ. ಲೇಯರುಗಳ ಬಣ್ಣ ಅದೇ, ಅಳತೆಯ ಅಕ್ಷರ ಅದೇ, ನಾನು ಎಡಗೈಯಲ್ಲಿ ಕುಟ್ಟುವ ಎಲ್, ಟಿಆರ್, ಓ ಆಜ್ಞೆಗಳು ಅಲ್ಲೂ ನಡೆಯುತ್ತವೆ. ವಿದ್ಯಾರ್ಥಿಗೆ ಕೊಟ್ಟದ್ದರಲ್ಲಿ ಏನೋ ಕತ್ತರಿಸಿರುತ್ತಾರೆ ಎಂದು ನಂಬಿದವರು ಬಹಳ ಮಂದಿ ಇದ್ದಾರೆ. ಆಟೋಕ್ಯಾಡಿನ ಮಟ್ಟಿಗೆ ಅದು ಸುಳ್ಳು. ಕತ್ತರಿಸಿರುವುದು ನನ್ನದರಲ್ಲಿ! ಎಲ್‌ಟಿಯಲ್ಲಿ ಮೂರು ಆಯಾಮದ ಮಾದರಿ ಕಟ್ಟಲು ಬರುವುದಿಲ್ಲ. ಕೋಣೆಗಳ ವಿಸ್ತೀರ್ಣವನ್ನು ತಾನೇ ಕೂಡಿ ಪಟ್ಟಿ ಮಾಡುವ, ಆಟೋಕ್ಯಾಡಿನೊಳಗೆ ಓಡುವ ಪುಟ್ಟ ಲಿಸ್ಪ್ ಪ್ರೋಗ್ರಾಮೊಂದನ್ನು ಗೆಳತಿಯೊಬ್ಬಳು ಎಂದೋ ಕೊಟ್ಟಿದ್ದಳು. ಎಲ್‌ಟಿಯಲ್ಲಿ ಲಿಸ್ಪ್ ನಡೆಯಲು ಶುರುವಾದದ್ದು 2024ರ ಆವೃತ್ತಿಯಿಂದ. ಅಲ್ಲಿಯವರೆಗೆ ನಾನು ಕ್ಯಾಲ್ಕ್ಯುಲೇಟರ್ ಒತ್ತುತ್ತಿದ್ದೆ, ಹುಬ್ಬಳ್ಳಿಯ ಹಾಸ್ಟೆಲಿನ ಹುಡುಗಿಯರು ಲಿಸ್ಪ್ ಓಡಿಸುತ್ತಿದ್ದರು. ಪೂರ್ಣ ಆಟೋಕ್ಯಾಡ್ ಕೊಳ್ಳೋಣವೆಂದರೆ ಎಲ್‌ಟಿಯ ಎರಡರಷ್ಟಕ್ಕೂ ಹೆಚ್ಚು ಬೆಲೆ.

ಹಾಗಾದರೆ ಅವಳಿಗೆ ಇಲ್ಲದ್ದು, ನನಗೆ ಇರುವುದು ಏನು? ಒಪ್ಪಿಗೆಯ ಕಾಗದ. ಶೈಕ್ಷಣಿಕ ಪರವಾನಗಿಯ ಷರತ್ತು ಓದಿದರೆ ಗೊತ್ತಾಗುತ್ತದೆ: ಕಲಿಯಬಹುದು, ಕಲಿಸಬಹುದು, ತರಬೇತಿ ಮತ್ತು ಸಂಶೋಧನೆಗೆ ಬಳಸಬಹುದು, ಸಂಪಾದನೆಗೆ ಬಳಸುವಂತಿಲ್ಲ. ಮೊದಲೆಲ್ಲ ಮೂರು ವರ್ಷಕ್ಕೆ ಒಮ್ಮೆಗೇ ಕೊಡುತ್ತಿದ್ದರು. ಈಗ ಒಂದು ವರ್ಷ. ಆಮೇಲೆ ಇನ್ನೂ ವಿದ್ಯಾರ್ಥಿನಿಯೇ ಎಂದು ಸಾಬೀತು ಮಾಡಿ ಮುಂದುವರಿಸಿಕೊಳ್ಳಬೇಕು. ಸಾಬೀತಿನ ಹಂತದಲ್ಲಿ ನಮ್ಮ ಕಡೆಯ ಮಕ್ಕಳು ಎಡವುವುದು ಹೆಸರಿನ ವಿಷಯದಲ್ಲಿ. ಕಾಲೇಜಿನ ಗುರುತಿನ ಚೀಟಿಯಲ್ಲಿ ಹೆಸರಿನ ಮುಂದೆ ಎರಡು ಇನಿಷಿಯಲ್, ಸಾಫ್ಟ್‌ವೇರಿನ ಖಾತೆಯಲ್ಲಿ ಅಪ್ಪನ ಪೂರ್ತಿ ಹೆಸರು, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಮೂರನೆಯದೊಂದು ರೀತಿ. ನಮ್ಮ ಹುಡುಗಿಯ ಚೀಟಿಯ ಮೇಲೆ ಯಾವ ಸಾಲಿನದು ಎಂದು ಕೂಡ ಬರೆದಿರಲಿಲ್ಲ. ಕೊನೆಗೆ ಶುಲ್ಕ ಕಟ್ಟಿದ ರಸೀದಿ ಕಳುಹಿಸಿದ ಮೇಲೆ ಆಯಿತು. ಚೀಟಿ ಸರಿಯಾಗಿ ಮುದ್ರಿಸದಿದ್ದರೆ ತಂತ್ರಾಂಶ ಕೊಡುವವರು ಏನು ಮಾಡಿಯಾರು?

ಒಪ್ಪಿಗೆಯ ಕಾಗದ ಮಾತ್ರವಲ್ಲವೇ, ಅದಕ್ಕೇಕೆ ಇಷ್ಟು ಹೆದರಿಕೆ ಎಂದು ಕೇಳುವವರಿಗೆ 2011ರ ಕಥೆ ಹೇಳಬೇಕು.

ಆಗ ನನ್ನ ಬಳಿ ಇದ್ದದ್ದು ಎಲ್‌ಟಿ 2010. ಡಬ್ಬಿಯಲ್ಲಿ ಬಂದದ್ದು, ಒಮ್ಮೆ ಹಣ ಕೊಟ್ಟರೆ ಸಾಯುವವರೆಗೆ ನಮ್ಮದು ಎನ್ನುವ ಬಗೆಯದು. (2016ರಿಂದ ಹೊಸದಾಗಿ ಹಾಗೆ ಮಾರುವುದನ್ನೇ ನಿಲ್ಲಿಸಿದರು, ಈಗ ಎಲ್ಲವೂ ವರ್ಷದ ಬಾಡಿಗೆ.) ಪಾಲಿಟೆಕ್ನಿಕ್ ಹುಡುಗನೊಬ್ಬ ತರಬೇತಿಗೆಂದು ಎರಡು ತಿಂಗಳು ಬರುತ್ತಿದ್ದ. ಒಳ್ಳೆಯ ಹುಡುಗ, ಉತ್ಸಾಹಿ. ನನ್ನ ಬಾಗಿಲು ಕಿಟಕಿಗಳ ಬ್ಲಾಕುಗಳು, ಅಂದರೆ ನಕ್ಷೆಗೆ ಸೇರಿಸುವ ಸಿದ್ಧ ಚಿತ್ರಗಳು, ಹಳೆಯವು ಎನಿಸಿ, ಪೆನ್‌ಡ್ರೈವಿನಲ್ಲಿ ತನ್ನ ಸಂಗ್ರಹ ತಂದ: ಸೋಫಾ, ಕಮೋಡು, ತೆಂಗಿನ ಗಿಡ, ಮೇಲಿಂದ ನೋಡಿದ ಕಾರು. ಎಲ್ಲವೂ ಕಾಲೇಜಿನ ವಿದ್ಯಾರ್ಥಿ ಆವೃತ್ತಿಯಲ್ಲಿ ಬರೆದದ್ದು. ನನ್ನ ನಕ್ಷೆಗಳಲ್ಲಿ ಆ ಕಾರು, ಆ ಗಿಡ ಸೇರಿಸಿದ. ಸೇರಿಸುವಾಗ ಪರದೆಯ ಮೇಲೆ ಎಚ್ಚರಿಕೆ ಬಂದಿತ್ತಂತೆ. ಬರುವ ಎಚ್ಚರಿಕೆಯನ್ನೆಲ್ಲ ಓದದೆ 'ಮುಂದುವರಿಸು' ಒತ್ತುವ ವಯಸ್ಸು ಅವನದು.

ಎರಡು ವಾರಗಳ ನಂತರ ಪಿ.ಜೆ. ಬಡಾವಣೆಯ ದೊಡ್ಡ ಹಾಳೆ ಮುದ್ರಿಸುವ ಪ್ಲಾಟರ್ ಅಂಗಡಿಯಿಂದ ತಂದ ಹಾಳೆ ಬಿಚ್ಚಿ ನೋಡುತ್ತೇನೆ, ನಾಲ್ಕೂ ಅಂಚಿನಲ್ಲಿ ದಪ್ಪಕ್ಷರದ ಇಂಗ್ಲಿಷ್ ಸಾಲು: ಇದು ಆಟೋಡೆಸ್ಕಿನ (ಆಟೋಕ್ಯಾಡ್ ಮಾಡುವ ಕಂಪನಿ) ಶೈಕ್ಷಣಿಕ ಉತ್ಪನ್ನದಲ್ಲಿ ತಯಾರಾದದ್ದು ಎಂದು. ಬ್ಲಾಕ್ ತೆಗೆದರೂ ಹೋಗಲಿಲ್ಲ. ಮುಂದಿನ ನಕ್ಷೆ ತೆರೆದೆ, ಅದರಲ್ಲೂ ಇತ್ತು. ಅದರ ಮುಂದಿನದರಲ್ಲೂ. ಹಳೆಯ ಕಡತದಿಂದ ಹೊಸದಕ್ಕೆ ಬಾಗಿಲು ಕಿಟಕಿ ನಕಲು ಮಾಡುವುದು ನಮ್ಮ ಕಸುಬಿನ ರೂಢಿ. ಹಾಲಿಗೆ ಬಿದ್ದ ಹೆಪ್ಪಿನಂತೆ, ಆ ಗುರುತು ಒಂದು ಕಡತದಿಂದ ಇನ್ನೊಂದಕ್ಕೆ ಹರಡಿತ್ತು. ನಾನು ಹಣ ಕೊಟ್ಟು ಕೊಂಡ ಸಾಫ್ಟ್‌ವೇರಿನಲ್ಲಿ, ನನ್ನ ಕೈಯಾರೆ ಬರೆದ ಹದಿನಾಲ್ಕು ನಕ್ಷೆಗಳ ಮೇಲೆ ವಿದ್ಯಾರ್ಥಿಯ ಮುದ್ರೆ. ಮನೆ ಸಾಲಕ್ಕೆ ಬ್ಯಾಂಕಿಗೆ ಹೋದ ಗಿರಾಕಿಯೊಬ್ಬರು ಹಾಳೆ ತಂದು ನನ್ನ ಮೇಜಿನ ಮೇಲಿಟ್ಟು, "ಮೇಡಂ, ಇದನ್ನು ನೀವು ಬರೆದಿರೋ, ಹುಡುಗರ ಕೈಯಲ್ಲಿ ಬರೆಸಿದಿರೋ?" ಎಂದು ಕೇಳಿದರು. ಆ ಅವಮಾನ ಇವತ್ತಿಗೂ ಚುಚ್ಚುತ್ತದೆ. ಆ ಗುರುತನ್ನು ಅಳಿಸುವ ಅಡ್ಡದಾರಿಗಳು ಪೇಟೆಯಲ್ಲಿ ಎಲ್ಲರಿಗೂ ಗೊತ್ತಿದ್ದವು. ನಾನು ಮಾತ್ರ ಹಟಕ್ಕೆ ಬಿದ್ದು ಹದಿನಾಲ್ಕನ್ನೂ ಮತ್ತೆ ಬರೆದೆ. ತಪ್ಪು ಹುಡುಗನದಲ್ಲ, ಸಾಫ್ಟ್‌ವೇರಿನದೂ ಅಲ್ಲ. ಹೊರಗಿನ ಪೆನ್‌ಡ್ರೈವ್ ಹಾಕಬಾರದೆಂಬ ನಿಯಮವನ್ನು ನಾನು ಮೊದಲೇ ಮಾಡಿರಬೇಕಿತ್ತು.

ಆಟೋಕ್ಯಾಡಿನ ಈಚಿನ ಆವೃತ್ತಿಗಳಲ್ಲಿ ಅಂಚಿನ ಆ ಸಾಲು ಬರುವುದಿಲ್ಲ. ಅದನ್ನು ಕೈಬಿಟ್ಟಿದ್ದಾರೆ. ಹಾಗಾಗಿಯೇ ತಂಗಿಯ ಮಗಳಿಗೆ "ಯಾರಿಗೆ ಗೊತ್ತಾಗುತ್ತದೆ?" ಎನ್ನುವ ಧೈರ್ಯ. ಎಲ್ಲರೂ ಕೈಬಿಟ್ಟಿಲ್ಲ. ಯಂತ್ರಭಾಗಗಳ ವಿನ್ಯಾಸಕ್ಕೆ ಬಳಸುವ ಸಾಲಿಡ್‌ವರ್ಕ್ಸ್‌ನ ವಿದ್ಯಾರ್ಥಿ ಆವೃತ್ತಿಯಲ್ಲಿ ಮಾಡಿದ ಭಾಗಕ್ಕೆ ಪದವಿ ಟೋಪಿಯ ಚಿಕ್ಕ ಚಿತ್ರ ಅಂಟಿಕೊಳ್ಳುತ್ತದೆ, ನಕ್ಷೆಯ ಮೇಲೆ ಶೈಕ್ಷಣಿಕ ಬಳಕೆಗೆ ಮಾತ್ರ ಎಂಬ ನೀರುಗುರುತು ಬೀಳುತ್ತದೆ. ಗಣಿತದ ಲೆಕ್ಕಕ್ಕೆ ಬಳಸುವ ಮ್ಯಾಟ್‌ಲ್ಯಾಬ್ ತನ್ನ ಕಿಟಕಿಯ ತಲೆಯ ಮೇಲೇ ಶೈಕ್ಷಣಿಕ ಬಳಕೆ ಎಂದು ಬರೆದುಕೊಂಡಿರುತ್ತದೆ. ವಸ್ತುವಿನ ಬಲವನ್ನು ಲೆಕ್ಕ ಹಾಕುವ ಆನ್ಸಿಸ್‌ನ ಉಚಿತ ವಿದ್ಯಾರ್ಥಿ ಆವೃತ್ತಿಯಲ್ಲಿ ಲೆಕ್ಕಕ್ಕೇ ಮಿತಿ: ವಸ್ತುವನ್ನು ಇಂತಿಷ್ಟು ಚೂರುಗಳಿಗಿಂತ ಹೆಚ್ಚಾಗಿ ಒಡೆದು ಲೆಕ್ಕ ಮಾಡಲು ಬಿಡುವುದಿಲ್ಲ. ಕಾಲೇಜಿನ ತೊಲೆಯ ಲೆಕ್ಕಕ್ಕೆ ಅಷ್ಟು ಸಾಕು, ಕಾರ್ಖಾನೆಯ ಕೆಲಸಕ್ಕೆ ಸಾಲದು. ಇವನ್ನು ನಾನು ದಿನಾ ಬಳಸಿದವಳಲ್ಲ, ಅಕ್ಕಪಕ್ಕದ ಮಕ್ಕಳ ಪರದೆಯಲ್ಲಿ ನೋಡಿದವಳು.

ದಿನಾ ಬಳಸುವುದು ವ್ಯವಹಾರದ ಲೆಕ್ಕ ಬರೆಯುವ ಟ್ಯಾಲಿ. ಮಿತಿ ಹಾಕುವುದರಲ್ಲಿ ಬೆಂಗಳೂರಿನ ಈ ಸಾಫ್ಟ್‌ವೇರಿನಷ್ಟು ಜಾಣತನವನ್ನು ನಾನು ಬೇರೆಲ್ಲೂ ಕಂಡಿಲ್ಲ. ಇಳಿಸಿಕೊಂಡು ತೆರೆದರೆ, ಪರವಾನಗಿ ಇಲ್ಲದವರಿಗೆ ಶೈಕ್ಷಣಿಕ ಮಾದರಿಯಲ್ಲಿ ಮುಂದುವರಿಯಲು ಅವಕಾಶ ಇದೆ. ಗುರುತಿನ ಚೀಟಿ ಬೇಡ, ಅವಧಿಯ ಮಿತಿ ಇಲ್ಲ. ಲೆಡ್ಜರ್, ವೋಚರ್, ಜಿಎಸ್‌ಟಿ, ದಾಸ್ತಾನು ಎಲ್ಲ ಕಲಿಯಬಹುದು. ಮುಖ್ಯ ಬೇಲಿ ಒಂದು: ವೋಚರ್ ಬರೆಯಲು ತಿಂಗಳ 1, 2 ಮತ್ತು 31ನೇ ತಾರೀಖು ಮಾತ್ರ. ಕಲಿಯುವವರಿಗೆ ಇದರಿಂದ ಏನೂ ನಷ್ಟವಿಲ್ಲ. ನಾನು ಕಲಿತದ್ದೂ ಹಾಗೆಯೇ. ನನ್ನ ಅಭ್ಯಾಸದ ಪುಸ್ತಕದಲ್ಲಿ ಸಿಮೆಂಟು, ಕಬ್ಬಿಣ, ಮೇಸ್ತ್ರಿ ಬಟವಾಡೆ ಎಲ್ಲವೂ ತಿಂಗಳ ಮೊದಲೆರಡು ದಿನಗಳಲ್ಲೇ ಮುಗಿದುಹೋಗುತ್ತಿದ್ದವು.

ವ್ಯಾಪಾರ ಮಾಡುವವರಿಗೆ ಇದು ನಡೆಯುವುದಿಲ್ಲ ಎಂದುಕೊಂಡಿದ್ದೆ. ನಮ್ಮ ಬೀದಿಯ ಹಾರ್ಡ್‌ವೇರ್ ಅಂಗಡಿಯವರು ನಡೆಸಿ ತೋರಿಸಿದರು. ಅವರ ಭಾವಮೈದುನ ಹಾಕಿಕೊಟ್ಟ ಟ್ಯಾಲಿ ಅದು, ಪರವಾನಗಿ ಇಲ್ಲದ್ದು. ಒಂದು ವರ್ಷ ಪೂರ್ತಿ ನಿಜವಾದ ಲೆಕ್ಕವನ್ನು ಅದರಲ್ಲೇ ಬರೆದರು. ಹದಿನೈದರಂದು ಮಾರಿದ ಬಣ್ಣದ ಡಬ್ಬಿಯೂ ಎರಡನೇ ತಾರೀಖಿಗೆ, ಇಪ್ಪತ್ತರಂದು ಬಂದ ಪೈಪೂ ಎರಡನೇ ತಾರೀಖಿಗೆ. ವರ್ಷದ ಕೊನೆಗೆ ಲೆಕ್ಕಪರಿಶೋಧಕರು ಪುಸ್ತಕ ತಿರುವಿ, "ಏನು ಸ್ವಾಮಿ, ನಿಮ್ಮ ಅಂಗಡಿ ತಿಂಗಳಿಗೆ ಮೂರೇ ದಿನ ತೆರೆಯುತ್ತದೆಯೇ?" ಎಂದರಂತೆ. ಇಡೀ ವರ್ಷದ ಬಿಲ್ಲುಗಳ ಕಟ್ಟು ಬಿಚ್ಚಿ ತಾರೀಖು ತಿದ್ದಲು ಕೂಲಿ ಕೊಟ್ಟು ಇಬ್ಬರನ್ನು ಕೂರಿಸಬೇಕಾಯಿತು. ಒಬ್ಬರೇ ಬಳಸುವ ಸಿಲ್ವರ್ ಪರವಾನಗಿಯನ್ನು ನಾನು ಕೊಂಡಾಗ ಬೆಲೆ ₹22,500, ಅದರ ಮೇಲೆ ಶೇ 18 ಜಿಎಸ್‌ಟಿ, ಒಟ್ಟು ₹26,550. ಅವರ ತಿದ್ದುಪಡಿಯ ಖರ್ಚು ಎಷ್ಟಾಯಿತೆಂದು ನಾನು ಕೇಳಲಿಲ್ಲ. ಅವರ ಮುಖ ನೋಡಿದರೆ ಕೇಳುವಂತಿರಲಿಲ್ಲ. ಪರವಾನಗಿ ಹಾಕಿದ ಮೇಲೆ ಟ್ಯಾಲಿ ಬೇರೆಯದಾಗುವುದಿಲ್ಲ. ಅದೇ ಸಾಫ್ಟ್‌ವೇರ್, ಮುಖ್ಯವಾಗಿ ತಿಂಗಳಿನ ಉಳಿದ ದಿನಗಳು ತೆರೆದುಕೊಳ್ಳುತ್ತವೆ.

ಮೈಕ್ರೋಸಾಫ್ಟಿನದು ಇನ್ನೊಂದು ಬಗೆ. 'ಹೋಮ್ ಅಂಡ್ ಸ್ಟೂಡೆಂಟ್' ಎಂಬ ಹೆಸರಿನ ಆಫೀಸ್ ಡಬ್ಬಿಯನ್ನು ಯಾರು ಬೇಕಾದರೂ ಕೊಳ್ಳಬಹುದಿತ್ತು. ವಿದ್ಯಾರ್ಥಿ ಇದ್ದದ್ದು ಹೆಸರಿನಲ್ಲಿ ಮಾತ್ರ. 2010ರ ಆವೃತ್ತಿಯನ್ನು ಒಂದೇ ಮನೆಯ ಮೂರು ಕಂಪ್ಯೂಟರುಗಳಿಗೆ ಹಾಕಬಹುದಾಗಿತ್ತು. 2013ರದನ್ನು ಒಂದಕ್ಕೇ ಇಳಿಸಿದರು. ಔಟ್‌ಲುಕ್ ಇರಲಿಲ್ಲ, ವ್ಯವಹಾರಕ್ಕೆ ಬಳಸುವಂತಿರಲಿಲ್ಲ. ಹಾಗೆಂದು ಕಿಟಕಿಯ ನೆತ್ತಿಯ ಮೇಲೆ, ಕಡತದ ಹೆಸರಿನ ಪಕ್ಕದಲ್ಲಿ, ವಾಣಿಜ್ಯೇತರ ಬಳಕೆ ಎಂದು ಸದಾ ಕಾಣುತ್ತಿತ್ತು. ನಾನು ಎಕ್ಸೆಲಿನಲ್ಲಿ ಗಿರಾಕಿಗಳ ಅಂದಾಜುಪಟ್ಟಿ ಮಾಡುವಾಗಲೆಲ್ಲ ಆ ಎರಡು ಪದ ನನ್ನನ್ನು ದಿಟ್ಟಿಸುತ್ತಿದ್ದವು. ಯಾರೂ ಬಂದು ಹಿಡಿಯಲಿಲ್ಲ, ದಂಡ ಹಾಕಲಿಲ್ಲ. ಆದರೂ ಗಿರಾಕಿ ಪಕ್ಕದಲ್ಲಿ ಕುಳಿತಾಗ ಪರದೆಯನ್ನು ಸ್ವಲ್ಪ ಆಚೆ ತಿರುಗಿಸುತ್ತಿದ್ದೆ. ಎರಡು ವರ್ಷ ಹಾಗೆ ತಿರುಗಿಸಿ ಸಾಕಾಗಿ ವ್ಯವಹಾರದ ಆವೃತ್ತಿ ಕೊಂಡೆ. 2024ರ ಹೊತ್ತಿಗೆ ಹೆಸರಿನಿಂದ 'ಸ್ಟೂಡೆಂಟ್' ಕಳಚಿ ಬರೀ 'ಹೋಮ್' ಉಳಿದಿದೆ.

ಅಡೋಬಿಯವರು ಇವರೆಲ್ಲರಿಗಿಂತ ಉದಾರಿಗಳು ಎಂದು ತಿಳಿದಾಗ ನಂಬಲಿಲ್ಲ. ಅವರ ವಿದ್ಯಾರ್ಥಿ ಯೋಜನೆಯಲ್ಲಿ ಫೋಟೋಶಾಪ್, ಇನ್‌ಡಿಸೈನ್ ಮುಂತಾದ ಎಲ್ಲವೂ ಪೂರ್ತಿಯಾಗಿ ಬರುತ್ತವೆ, ಅದರಲ್ಲಿ ಮಾಡಿದ ಕೆಲಸಕ್ಕೆ ಹಣ ಪಡೆಯಲು ಅಡ್ಡಿಯಿಲ್ಲ. ನಮ್ಮ ಹುಡುಗಿಯ ಸಹಪಾಠಿ ಮದುವೆ ಕರೆಯೋಲೆ ವಿನ್ಯಾಸ ಮಾಡಿ ಹಾಸ್ಟೆಲ್ ಖರ್ಚು ನಿಭಾಯಿಸುತ್ತಾಳೆ. ಎಚ್ಚರ ಇರಬೇಕಾದದ್ದು ಬೇರೆ ಕಡೆ: ಮೊದಲ ವರ್ಷದ ದರ ಒಂದು, ಎರಡನೆಯ ವರ್ಷದಿಂದ ದರ ಏರುತ್ತದೆ. 'ತಿಂಗಳ ಕಂತು' ಎಂದು ಕಾಣುವುದು ನಿಜದಲ್ಲಿ ವರ್ಷದ ಕರಾರು. ನಡುವೆ ಬಿಟ್ಟರೆ ಶುಲ್ಕ ಬೀಳುತ್ತದೆ. ಕಾರ್ಡಿನ ವಿವರ ಕೊಡುವ ಮೊದಲು ಅಪ್ಪ ಅಮ್ಮನಿಗೆ ಒಮ್ಮೆ ಓದಿಸುವುದು ಮೇಲು. 'ನುಡಿ' ತಂತ್ರಾಂಶದಲ್ಲಿ ಕನ್ನಡ ಬೆರಳಚ್ಚು ಮಾಡಲು ಇಂಥ ಯಾವ ತಾಪತ್ರಯವೂ ಇಲ್ಲ, ವಿದ್ಯಾರ್ಥಿಗೂ ಮುದುಕರಿಗೂ ಅದು ಉಚಿತ.

ಇನ್ನು ₹499ರ ವ್ಯಾಪಾರಿಗಳು. ಮೊಬೈಲಿಗೆ ಬರುತ್ತಲೇ ಇರುತ್ತದೆ: ಆಟೋಕ್ಯಾಡ್ ಜೀವನಪರ್ಯಂತ, ಅಸಲಿ ಪರವಾನಗಿ, ಇಂದೇ ಕೊನೆಯ ದಿನ. ನನ್ನ ಪರಿಚಯದ ಗುತ್ತಿಗೆದಾರರೊಬ್ಬರು ಕೊಂಡರು. ಬಂದದ್ದು ಯಾವುದೋ ಊರಿನ ಯಾವುದೋ ಕಾಲೇಜಿನ ಹೆಸರಿನ ಒಂದು ಇಮೇಲ್ ಮತ್ತು ಗುಪ್ತಪದ. ಅವರು ಕೊಂಡದ್ದು ಅಪರಿಚಿತ ವಿದ್ಯಾರ್ಥಿಯೊಬ್ಬನ ವೇಷ, ಅಷ್ಟೇ. ಏಳು ತಿಂಗಳು ನಡೆಯಿತು, ಒಂದು ಬೆಳಿಗ್ಗೆ ಬಾಗಿಲು ಮುಚ್ಚಿತು. ಮಾರಿದವರ ಫೋನೂ ಮುಚ್ಚಿತ್ತು. ಅಂಥದ್ದಕ್ಕೆ ಬಿಲ್ಲೂ ಇಲ್ಲ, ದೂರು ಕೊಡಲು ಮುಖವೂ ಇಲ್ಲ.

ಆ ಭಾನುವಾರ ರಾತ್ರಿಗೆ ಬರುತ್ತೇನೆ. ನಕ್ಷೆಗೆ ಇನ್ನೂ ಸಂಪಿನ ವಿವರ, ಮಳೆನೀರು ಕೊಯ್ಲಿನ ಗುಂಡಿ ಮತ್ತು ವಿಸ್ತೀರ್ಣದ ಪಟ್ಟಿ ಬಾಕಿ ಇತ್ತು. ತಂಗಿಯ ಮಗಳ ಯಂತ್ರದಲ್ಲಿ ಒಂದು ಗಂಟೆಯ ಕೆಲಸ. ಪರದೆಯ ಮುಂದೆ ಕುಳಿತೆ ಕೂಡ. ಆಗ ನೆನಪಾದದ್ದು ನನ್ನ ಪರವಾನಗಿಯ ಒಂದು ಷರತ್ತು: ವರ್ಷದ ಚಂದಾದಾರರು ಅದನ್ನು ಮೂರು ಕಂಪ್ಯೂಟರುಗಳವರೆಗೆ ಹಾಕಿಕೊಳ್ಳಬಹುದು, ಒಂದು ಹೊತ್ತಿಗೆ ಒಂದರಲ್ಲಿ ಬಳಸಬೇಕು. ಹಣ ಕೊಟ್ಟ ಇಷ್ಟು ವರ್ಷಗಳಲ್ಲಿ ಆ ಸಾಲು ನನ್ನ ಉಪಯೋಗಕ್ಕೆ ಬಂದದ್ದು ಅದೇ ಮೊದಲು. ಅವಳ ಲ್ಯಾಪ್‌ಟಾಪಿನಲ್ಲೇ, ಅವಳ ಪೂರ್ಣ ಆಟೋಕ್ಯಾಡಿನ ಪಕ್ಕದಲ್ಲಿ, ನನ್ನ ಹೆಸರಿನಲ್ಲಿ ಒಳಹೊಕ್ಕು ಎಲ್‌ಟಿಯನ್ನು ಇಳಿಸಲು ಕುಳಿತೆವು. ಮನೆಯ ಇಂಟರ್ನೆಟ್ ಕೈಕೊಟ್ಟು ಮೊಬೈಲಿನಿಂದ ಹಂಚಿಕೊಂಡದ್ದಾಯಿತು. ನನ್ನ ಯಜಮಾನರು ಎರಡು ಸಲ ಬಂದು ಇಣುಕಿ, "ಅದು ಇದ್ದೇ ಇದೆಯಲ್ಲ, ಮತ್ತೇನು ಹಾಕುತ್ತಿದ್ದೀರಿ?" ಎಂದು ಕೇಳಿದರು. ವಿವರಿಸಿದೆ. ಅವರಿಗೆ ನಗು ಬಂತು. ಹುಡುಗಿಗೂ ಬಂತು. ಒಳ್ಳೆಯದನ್ನು ಪಕ್ಕಕ್ಕಿಟ್ಟು ಕಡಿಮೆಯದನ್ನು ಹಾಕಿಕೊಳ್ಳಲು ಎರಡು ಗಂಟೆ ಕಾದವಳನ್ನು ನೋಡಿ ನಗದೆ ಇನ್ನೇನು ಮಾಡುತ್ತಾರೆ? ಒಂದೂವರೆಗೆ ಕೆಲಸ ಮುಗಿಯಿತು. ಈಗ ಅನುಮೋದನೆಗೆ ಹಾಳೆಯ ಬದಲು ಕಡತವನ್ನೇ ಆನ್‌ಲೈನಿನಲ್ಲಿ ಕಳುಹಿಸಬೇಕು. ಅದರ ಹೊಟ್ಟೆಯೊಳಗೆ ಏನೇನು ಗುರುತು ಕೂತಿದೆಯೋ ಎಂಬ ಅಂಜಿಕೆಯಿಲ್ಲದೆ ಕಳುಹಿಸಿದೆ.

ಯಾರಿಗೆ ಯಾವುದು ಎಂದು ಕೇಳಿದರೆ, ಕಾಲೇಜಿನಲ್ಲಿರುವವರು ವಿದ್ಯಾರ್ಥಿ ಆವೃತ್ತಿಯನ್ನು ಸಂಕೋಚವಿಲ್ಲದೆ ತೆಗೆದುಕೊಳ್ಳಿ, ಐದು ವರ್ಷವೂ ಬಳಸಿ. ಕಂಪನಿಯವರು ಪುಕ್ಕಟೆ ಕೊಡುವುದು ಧರ್ಮಕ್ಕಲ್ಲ. ನನ್ನ ಎಡಗೈಗೆ ಈ ಆಜ್ಞೆಗಳು ಎಷ್ಟು ಅಂಟಿವೆ ಎಂದರೆ ಐವತ್ತರ ಹೊಸ್ತಿಲಲ್ಲಿ ಬೇರೆ ಸಾಫ್ಟ್‌ವೇರ್ ಕಲಿ ಎಂದರೆ ಬಲಗೈಯಲ್ಲಿ ಊಟ ಮಾಡುವವರಿಗೆ ಎಡಗೈಯಲ್ಲಿ ಮಾಡು ಎಂದಂತೆ. ನನ್ನಂಥವರಿಂದ ವರ್ಷ ವರ್ಷವೂ ಬರುವ ಹಣದಲ್ಲಿ ಅವಳ ಸೊನ್ನೆ ವಸೂಲಾಗುತ್ತದೆ. ಒಂದು ಮಾತು ಮಾತ್ರ ನೆನಪಿರಲಿ: ಕಟ್ಟಡದ ಮಾದರಿ ಕಟ್ಟುವ ರೆವಿಟ್‌ನಂಥವುಗಳಲ್ಲಿ ಹೊಸ ಆವೃತ್ತಿಯ ಕಡತವನ್ನು ಹಳೆಯದರಲ್ಲಿ ತೆರೆಯಲು ಆಗುವುದಿಲ್ಲ, ಹಳೆಯ ಮಾದರಿಗೆ ಇಳಿಸಿ ಉಳಿಸಲೂ ಆಗುವುದಿಲ್ಲ. ವಿದ್ಯಾರ್ಥಿಗಳ ಕೈಯಲ್ಲಿ ಸದಾ ಹೊಸತು, ಕೆಲಸಕ್ಕೆ ಸೇರುವ ಕಚೇರಿಯಲ್ಲಿ ನಾಲ್ಕು ವರ್ಷ ಹಿಂದಿನದು ಇರಬಹುದು. ಅಂತಿಮ ವರ್ಷದ ಪ್ರಾಜೆಕ್ಟನ್ನು ಪಿಡಿಎಫ್‌ನಲ್ಲೂ ಇಟ್ಟುಕೊಳ್ಳಿ.

ತಂಗಿಯ ಮಗಳ ಓದು ಈ ಬೇಸಿಗೆಗೆ ಮುಗಿಯುತ್ತದೆ. ಒಂದು ವರ್ಷ ನನ್ನ ಜೊತೆ ಕೆಲಸ ಮಾಡುತ್ತೇನೆ ಎಂದಿದ್ದಾಳೆ. ಎರಡನೆಯ ಎಲ್‌ಟಿಗೆ ದರ ಕೇಳಲು ಕಳೆದ ವಾರ ಮಾರಾಟಗಾರರೊಬ್ಬರಿಗೆ ಫೋನ್ ಮಾಡಿದೆ. ಯಾರಿಗೆ ಎಂದು ವಿಚಾರಿಸಿದರು. ಹೇಳಿದೆ. ದನಿ ತಗ್ಗಿಸಿ, "ಅವರ ಕಾಲೇಜಿನ ಇಮೇಲ್ ಇನ್ನೂ ನಡೆಯುತ್ತಿದೆಯಲ್ಲವೇ ಮೇಡಂ?" ಎಂದರು. ಜಿಎಸ್‌ಟಿ ಸಮೇತ ಕೊಟೇಶನ್ ಕಳುಹಿಸಿ ಎಂದು ಫೋನ್ ಇಟ್ಟೆ. ಇನ್ನೂ ಬಂದಿಲ್ಲ.